ಪಾಳು ಎಂದು ಬರೆದ ಕೈ

ಜೂನ್ ತಿಂಗಳ ಅರುಣೋದಯ. ಮಿರ್ಜಾನದ ಗಜನಿಯಲ್ಲಿ, ಅಂದರೆ ಅಘನಾಶಿನಿಯ ಉಬ್ಬರದ ನೀರು ಮುಟ್ಟುವ ಗದ್ದೆಯಲ್ಲಿ, ಐವತ್ತೆರಡರ ದಿವಾಕರ ಶಾನಭಾಗರು ಮೊಣಕಾಲುದ್ದದ ಕೆಸರಿನಲ್ಲಿ ಕಟ್ಟೆಗೆ ಮಣ್ಣು ಹೊರುತ್ತಿದ್ದಾರೆ. ಮುಂದೆ ನಡೆಯುವವರು ಗದ್ದೆಯ ಒಡತಿ ಲಕ್ಕಿ ಗೌಡ. ವಯಸ್ಸು ಅರವತ್ತು ದಾಟಿದೆ, ಬುಟ್ಟಿ ಮಾತ್ರ ಇವರದಕ್ಕಿಂತ ದೊಡ್ಡದು.

“ಅರ್ಧ ಮಣ್ಣು ದಾರೀಲೇ ಚೆಲ್ತು ಶಾನಭಾಗ್ರೇ. ಮಕ್ಕಳಿಗೆ ಪಾಠನೂ ಹೀಗೇ ಹೇಳೂದ ಎಂತ?”

“ಹೆಚ್ಚುಕಡಿಮೆ ಹೀಗೇ ಲಕ್ಕಿಯಕ್ಕ.”

ದಿನಕ್ಕೆ ನಲವತ್ತು ಬುಟ್ಟಿ. ಎಂಟಕ್ಕೆ ಮೈ ತೊಳೆದು ಬಸ್ಸು ಹಿಡಿದರೆ ಹತ್ತಕ್ಕೆ ಹೊನ್ನಾವರದ ಸ್ನಾತಕೋತ್ತರ ಕೇಂದ್ರದಲ್ಲಿ ಅರ್ಥಶಾಸ್ತ್ರದ ತರಗತಿ. ಮೂರು ಮಳೆಗಾಲಗಳಿಂದ ಇದೇ ಕ್ರಮ.

ಕುಮಟಾದಲ್ಲಿ ಹುಟ್ಟಿದ ಇವರು ಹದಿನೇಳು ವರ್ಷ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ನೀತಿ ಸಲಹೆಗಾರರಾಗಿದ್ದವರು. ಕರಾವಳಿಯ ಭೂಬಳಕೆಯನ್ನು ಕುರಿತ ಅದರ ವರದಿಯಲ್ಲಿ ಮಿರ್ಜಾನದ ಪುಟವನ್ನು ಬರೆದದ್ದು ಇವರೇ. ಇಲ್ಲಿನ ಜನ ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಗದ್ದೆಗೆ ನದಿಯ ನೀರು ಬಿಟ್ಟು ಮೀನು ಹಿಡಿಯುತ್ತಾರೆ. ಜನವರಿಯ ಉಪಗ್ರಹ ಚಿತ್ರದಲ್ಲಿ ಆ ನೀರನ್ನು ಕಂಡ ಇವರು ‘ಪಾಳುಭೂಮಿ’ ಎಂದು ಬರೆದರು. ಸಿಗಡಿ ಸಾಕಣೆಗೆ ಗೇಣಿ ಕೊಡಬಹುದೆಂದು ಸೂಚಿಸಿದರು. ಗೇಣಿ ಹಿಡಿದವರು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ಇಪ್ಪತ್ತಮೂರು ಮನೆಗಳ ಕಗ್ಗ ಆರು ವರ್ಷ ಮೊಳೆಯಲಿಲ್ಲ. ಅದನ್ನು ಕೇಳಿದ ವರ್ಷವೇ ಹುದ್ದೆ ತೊರೆದು ಅವರು ಬೋಧನೆಗೆ ಬಂದರು.

“ನಾನು ಕುಮಟೆಯವನು. ನನ್ನ ಅಮ್ಮ ಇದೇ ಗಜನಿಯ ಮೀನು ಕೊಂಡು ಅಡುಗೆ ಮಾಡಿದವಳು. ಅವಳಿಗೆ ಒಂದು ಫೋನ್ ಮಾಡಿ ಕೇಳಿದ್ರೆ ಸಾಕಿತ್ತು,” ಎನ್ನುವಾಗ ಶಾನಭಾಗರು ಮುಖ ಎತ್ತುವುದಿಲ್ಲ.

ಧರ್ಮಶಾಸ್ತ್ರಕಾರರು ಪ್ರಾಯಶ್ಚಿತ್ತದ ಒಂದು ಅಂಗವನ್ನು ‘ಖ್ಯಾಪನ’ ಎನ್ನುತ್ತಾರೆ: ಮಾಡಿದ ದೋಷವನ್ನು ತನ್ನ ಬಾಯಿಂದಲೇ ಸಾರುವುದು. ತರಗತಿಯ ಮೊದಲ ದಿನ ಇವರು ಆ ಪುಟವನ್ನು ಓದಿ, ಬರೆದವನ ಹೆಸರನ್ನೂ ಹೇಳುತ್ತಾರೆ. ಹೇಳದೆ ಉಳಿದದ್ದು ಗಜನಿಯಲ್ಲಿ ಮಾತ್ರ. ಶಿಷ್ಯರೆದುರು ನುಡಿದದ್ದು ನೊಂದವರೆದುರು ನುಡಿದಂತಾಗದು. ಈ ಲೇಖನ ಅಚ್ಚಾಗುವ ಮುನ್ನ ಲಕ್ಕಿಗೆ ತಾವೇ ತಿಳಿಸಬೇಕೆಂದು ಅವರು ಕಾಲಾವಕಾಶ ಬೇಡಿದರು. ಕಳೆದ ವಾರ, ಗಂಜಿಯ ಹೊತ್ತಿನಲ್ಲಿ, ಹೇಳಿಯೂ ಬಿಟ್ಟರು.

ಲಕ್ಕಿ ಬಟ್ಟಲನ್ನು ಕೆಳಗಿಟ್ಟರು. “ಮೂರು ಮಳೆಗಾಲ ನನ್ನ ಜಗಲೀಲಿ ಗಂಜಿ ಉಂಡ್ರಿ. ಮಣ್ಣು ಹೊರೂಕೆ ಬಾಯಿ ಬೇಡ. ಅದಕ್ಕೇ ಹೊತ್ರಿ.”

“ತಪ್ಪಾಯ್ತು ಲಕ್ಕಿಯಕ್ಕ.”

“ನನಗೊಬ್ಬಳಿಗೆ ಹೇಳಿದ್ರೆ ಆತಾ? ಇನ್ನೂ ಇಪ್ಪತ್ತೆರಡು ಮನೆ ಇದೆ. ನಾನಂತೂ ಜೊತೆಗೆ ಬರೂದಿಲ್ಲ.”

ಅಂದಿನಿಂದ ಬುಟ್ಟಿ ಇಳಿಸಿದ ಮೇಲೆ, ಬಸ್ಸಿಗೆ ಮೊದಲು, ದಿನಕ್ಕೆ ಎರಡು ಮನೆಗಳ ಮೆಟ್ಟಿಲು ಹತ್ತುತ್ತಾರೆ. ನೆರೆಯ ದೇವಪ್ಪ ಗೌಡರು ಎಲ್ಲವನ್ನೂ ಕೇಳಿಸಿಕೊಂಡು, “ಆತು, ಇನ್ನು ಹೊರಡಿ,” ಎಂದಷ್ಟೇ ನುಡಿದರು. ಶುಕ್ರ ಗೌಡರು ಬಾಗಿಲನ್ನೇ ತೆರೆಯಲಿಲ್ಲ.

ಹನ್ನೊಂದು ಮನೆಗಳು ಉಳಿದಿವೆ. ಕಗ್ಗದ ಬಿತ್ತನೆಗೆ ಒಂದು ವಾರವಿದೆ. ಅಪೇಕ್ಷೆ ಏನೆಂದು ಕೇಳಿದರೆ ಶಾನಭಾಗರು ಕ್ಷಮೆಯ ಮಾತೆತ್ತುವುದಿಲ್ಲ.

“ಬೀಜ ಬೀಳೂದರೊಳಗೆ ಎಲ್ಲ ಮನೆಗೂ ಹೇಳಿ ಮುಗಿಸಬೇಕು. ಶುಕ್ರಣ್ಣನಲ್ಲಿಗೆ ನಾಳೆ ಇನ್ನೊಮ್ಮೆ ಹೋಗ್ತೇನೆ. ಒಳಗೆ ಕರೀದಿದ್ರೂ ಅಡ್ಡಿಲ್ಲ, ಅಂಗಳದಲ್ಲೇ ನಿಂತು ಹೇಳ್ತೇನೆ. ಅವನಿಗೆ ಕೇಳಿಸಿದ್ರೆ ಆತು.”