ಅಜ್ಜಿಯನ್ನು ಸೋಲಿಸಲು ಕಟ್ಟಿದ ಒಗಟು

ಇವತ್ತು ಕುಮಟಾ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲೊಂದರಿಂದ ಬಳಚಿನ ಸಾರಿನ ವಾಸನೆ ಬಂದದ್ದೇ ಅಘನಾಶಿನಿ ಹೊಳೆದಂಡೆಯ ಅಜ್ಜಿ ನೆನಪಾದಳು. ಹೊಳೆಯಿಂದ ಆರಿಸಿ ತಂದ ಬಳಚಿನ ಚಿಪ್ಪು ಬಿಡಿಸುತ್ತಲೇ ಎಂಥ ಒಗಟನ್ನೂ ಒಡೆಯುತ್ತಿದ್ದವಳು. ಅವಳನ್ನು ಸೋಲಿಸುವುದೇ ನನ್ನ ಬಾಲ್ಯದ ಪರಮ ಧ್ಯೇಯ. ಅದಕ್ಕೆಂದೇ ಉತ್ತರವಿಲ್ಲದ ಒಗಟೊಂದನ್ನು ಹೊಸೆದೆ.

"ಕಾಲಿಲ್ದೆ ಮರ ಹತ್ತೂದು, ಹತ್ತಿದ್ಮೇಲೆ ಕಾಲು ಬರೂದು, ಇಳಿವಾಗ ಅಳೂದು. ಎಂತ ಹೇಳು?"

ಮೂರು ದಿನ ಅಜ್ಜಿ ತನ್ನಷ್ಟಕ್ಕೇ ಗೊಣಗಿದಳು, ನಕ್ಕಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನನಗೇ ಹೆದರಿಕೆಯಾಯಿತು.

"ಅಜ್ಜಿ, ಅದ್ಕೆ ಉತ್ರನೇ ಇಲ್ಲ."

"ಹಾಳು ಮಾಡ್ದೆ ಮಾರಾಯಾ! ಎಷ್ಟು ಚಂದ ತಲೆ ಓಡ್ತಿತ್ತು. ಇನ್ನೆರಡು ದಿನ ಸುಮ್ಮನಿರೂಕೆ ಎಂತ ಆಗಿತ್ತು ನಿಂಗೆ?"

ಬುದ್ಧಿವಂತರೆಂದರೆ ಉತ್ತರ ಗೊತ್ತಿದ್ದವರು ಎಂದು ಅಲ್ಲಿಯವರೆಗೆ ನಂಬಿದ್ದೆ.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಒಗಟಿಗೊಂದು ಉತ್ತರ ಹುಡುಕತೊಡಗಿದೆ. ನನ್ನ ಬಸ್ಸು ಕಣ್ಣೆದುರೇ ಹೋಯಿತು.