ಎರಡು ಕುರ್ಚಿ, ಒಂದು ಫೋನು

ಇವತ್ತು ಬೆಳಿಗ್ಗೆ ನಮ್ಮ ಬನಶಂಕರಿ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಮೇಲೆ ಹೊಸ ಫೋನೊಂದು ಬಂದು ಕೂತಿತು. ಡಬ್ಬದಿಂದ ಆಗಷ್ಟೇ ತೆಗೆದ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದೇ ಸಲಕ್ಕೆ ನಾಲ್ಕು ಕರೆ ಬಂದರೂ ನಿಭಾಯಿಸುತ್ತದಂತೆ. ಒಂದೊಂದಕ್ಕೂ ಒಂದು ಗುಂಡಿ, ಗುಂಡಿಗೊಂದು ಪುಟ್ಟ ದೀಪ. ಪಕ್ಕದ ಕುರ್ಚಿಯ ಚೈತ್ರ ಮೊದಲು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಅದನ್ನು ಇನ್ನೊಬ್ಬರ ಮೇಲೆ ಧಾರಾಳವಾಗಿ ಬೀರಿದವಳು ನಾನು.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪಿಶಾಚಿ. ತರಕಾರಿಯವನು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹಾಕಿದರೆ ತೂಕದಲ್ಲೇನೋ ಹೊಡೆದಿದ್ದಾನೆ ಎಂದುಕೊಳ್ಳುವವಳು. ನಮ್ಮ ಯಜಮಾನರು ಒಮ್ಮೆ ಕಾರಣವಿಲ್ಲದೆ ಮಲ್ಲಿಗೆ ಹೂವು ತಂದಾಗ ಊಟ ಮುಗಿಯುವವರೆಗೂ ವಿಚಾರಣೆ ನಡೆಸಿದ್ದೆ. ಆಮೇಲೆ ಅವರು ಹೂವು ತಂದಿಲ್ಲ, ಅದು ಬೇರೆ ಮಾತು.

ನಾನು ಹಾಗೆ ನೋಡುತ್ತಿದ್ದ ಕಾಲದಲ್ಲಿ ಜೆ.ಪಿ. ನಗರದ ಒಂದು ಹಲ್ಲಿನ ಆಸ್ಪತ್ರೆಯಲ್ಲಿದ್ದೆ. ರಿಸೆಪ್ಷನ್ನಿನಲ್ಲಿ ನಾನು ಮತ್ತು ಸರೋಜಕ್ಕ, ಇಬ್ಬರಿಗೂ ಒಂದೊಂದು ಫೋನು. ಸರೋಜಕ್ಕ ಜರಗನಹಳ್ಳಿಯವರು, ನನಗಿಂತ ಹಿರಿಯರು, ಪೇಷಂಟುಗಳ ಹಲ್ಲಿನ ಜೊತೆಗೆ ಅವರ ಮಕ್ಕಳ ಮದುವೆಯನ್ನೂ ವಿಚಾರಿಸುವಂಥವರು. ಒಂದು ದಿನ ಡಾಕ್ಟರ್ ಮೇಡಂ ಎರಡೂ ಫೋನು ತೆಗೆಸಿ ಇಂಥದೇ ಒಂದನ್ನು ಹಾಕಿಸಿದರು. ಎರಡು ಫೋನಿನ ಕೆಲಸ ಒಂದೇ ಮಾಡುವುದಾದರೆ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಬಹುದಲ್ಲ ಎಂದು ನನ್ನಂಥವಳಿಗೆ ಹೊಳೆಯಲು ಎಷ್ಟು ಹೊತ್ತು? ಇಬ್ಬರಲ್ಲಿ ಒಬ್ಬರು ಮನೆಗೆ ಹೋಗುವುದು ಖಂಡಿತ ಎನಿಸಿತು.

ಫೋನು ಜೋಡಿಸಲು ಬಂದಾತ ವಿವರಿಸಿದ. ಮಾತಾಡುತ್ತಿರುವಾಗ ಇನ್ನೊಂದು ದೀಪ ಮಿನುಗಿದರೆ ಹೋಲ್ಡ್ ಗುಂಡಿ ಒತ್ತಿ ಎರಡನೆಯ ಕರೆ ತೆಗೆದುಕೊಳ್ಳಬೇಕು. ಅದು ಮುಗಿದ ಮೇಲೆ ಮೊದಲನೆಯದರ ಗುಂಡಿ ಒತ್ತಿದರೆ ಅವರು ಅಲ್ಲೇ ಕಾಯುತ್ತಿರುತ್ತಾರೆ. ಹೋಲ್ಡ್ ಅಂದರೇನು ಎಂದು ಸರೋಜಕ್ಕ ಕೇಳಿದರು.

"ಕಾಲ್‌ನ ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋದು ಮೇಡಂ, ಅಷ್ಟೇ," ಎಂದ.

ಸರೋಜಕ್ಕ ಮೇಜಿನಡಿ ಚಾಚಿದ್ದ ತಮ್ಮ ಕಾಲನ್ನು ಸರಿಸಿಕೊಂಡರು. ಅವನು ನಗುತ್ತಾ ಮತ್ತೊಮ್ಮೆ ಹೇಳಿಕೊಟ್ಟ. ಅವರಿಗೆ ಮಾತ್ರ ಎರಡೆರಡು ಸಲ ಯಾಕೆ ಎಂದು ನಾನು ಅವನನ್ನೂ ಅನುಮಾನಿಸಿದೆ.

ಬೆಳಗಿನ ಹೊತ್ತು ಫೋನು ಸರೋಜಕ್ಕನದು, ಮಧ್ಯಾಹ್ನದ ಮೇಲೆ ನನ್ನದು ಎಂದಾಯಿತು. ಕೆಲವೇ ದಿನಗಳಲ್ಲಿ ದೂರು ಬರತೊಡಗಿತು. ಬೆಳಿಗ್ಗೆ ಫೋನು ಮಾಡಿದರೆ ನಿಮ್ಮವರು ಮಾತಿನ ಮಧ್ಯದಲ್ಲೇ ಇಟ್ಟುಬಿಡುತ್ತಾರೆ ಎಂದು ಪೇಷಂಟುಗಳು ರೇಗಿದರು. ಮೇಡಂ ನನ್ನನ್ನು ಒಳಗೆ ಕರೆದು, ಹೊಸ ಫೋನಿನ ಮೇಲಿನ ಸಿಟ್ಟಿಗೆ ಸರೋಜಕ್ಕ ಬೇಕೆಂದೇ ಕಟ್ ಮಾಡುತ್ತಿರಬಹುದು, ಸ್ವಲ್ಪ ಕಣ್ಣಿಟ್ಟಿರು ಎಂದರು. ಸರೋಜಕ್ಕನಿಗೂ ನನ್ನ ಮೇಲೆ ಹೀಗೇ ಕಣ್ಣಿಡಲು ಹೇಳಿದ್ದಾರೋ ಏನೋ ಎಂದುಕೊಳ್ಳುತ್ತಲೇ ಹೊರಗೆ ಬಂದೆ.

ಕಣ್ಣಿಟ್ಟೆ. ಅವರು ಒಂದೇ ಒಂದು ತಪ್ಪು ಗುಂಡಿ ಒತ್ತಲಿಲ್ಲ. ನನ್ನ ಗಮನವೆಲ್ಲ ಅವರ ಬೆರಳಿನ ಮೇಲೆ, ಬಾಯಿಯ ಕಡೆ ಕಿವಿಯೇ ಇರಲಿಲ್ಲ. ಕೊನೆಗೆ ಕೆಳಗಿನ ಬೇಕರಿಯ ಹತ್ತಿರ ನಿಂತು ಮೊಬೈಲಿನಿಂದ ನಾನೇ ಪೇಷಂಟಾದೆ. ಮೂಗು ಹಿಡಿದುಕೊಂಡು ದವಡೆ ಹಲ್ಲಿನ ನೋವನ್ನು ವರ್ಣಿಸುತ್ತಿದ್ದಾಗ ಅಲ್ಲಿಗೆ ಇನ್ನೊಂದು ಕರೆ ಬಂದಿರಬೇಕು. ಸರೋಜಕ್ಕ ಬಹಳ ಮರ್ಯಾದೆಯಿಂದ, "ಸ್ವಲ್ಪ ಇಡ್ತೀನಿ ಮೇಡಂ," ಎಂದರು.

"ಹೂಂ, ಇಡಿ," ಎಂದು ಕಟ್ ಮಾಡಿದೆ. ಮಾಡಿದ ಮೇಲೆ ಹೊಳೆಯಿತು. ಫೋನಿನಲ್ಲಿ ಇಡ್ತೀನಿ ಎಂದರೆ ಮಾತು ಮುಗಿಯಿತು ಎಂದಲ್ಲದೆ ಇನ್ನೇನು ಅರ್ಥ, ನೀವೇ ಹೇಳಿ. ಅವರು ಯಾರದನ್ನೂ ಇಟ್ಟಿರಲಿಲ್ಲ, ಪೇಷಂಟುಗಳೇ ಇಡುತ್ತಿದ್ದರು.

ಮೆಟ್ಟಿಲು ಹತ್ತುವಾಗ ಮನಸ್ಸು ಹೊಯ್ದಾಡಿತು. ಸುಮ್ಮನಿದ್ದರೆ ಹೋಗುವುದು ಅವರ ಕೆಲಸ, ಉಳಿಯುವುದು ನನ್ನದು. ಆದರೆ ಮೇಜಿನ ಹಿಂದೆ ಅವರ ಬಾಡಿದ ಮುಖ ಕಂಡಾಗ ತಡೆಯಲಾಗಲಿಲ್ಲ. ಇಡ್ತೀನಿ ಅನ್ನಬೇಡಿ, ಲೈನಲ್ಲೇ ಇರಿ ಅನ್ನಿ ಎಂದುಬಿಟ್ಟೆ. ಪೇಷಂಟುಗಳಿಗೆ ಪಕ್ಕಕ್ಕೆ ಇಡ್ತೀನಿ ಎಂದರೆ ಅವಮಾನವಾಗುತ್ತದೆಂದು 'ಪಕ್ಕಕ್ಕೆ'ಯನ್ನು ತಾವೇ ಬಿಟ್ಟದ್ದಾಗಿ ಅವರು ಹೇಳಿದರು. ಆಮೇಲೆ ನನ್ನನ್ನೇ ದಿಟ್ಟಿಸಿದರು.

"ಇದನ್ನ ನಂಗ್ಯಾಕೆ ಹೇಳ್ಕೊಡ್ತಿದೀಯ? ನಾನು ಹೋದ್ರೆ ನಿಂಗೇ ಒಳ್ಳೇದಲ್ವಾ?"

ಅಷ್ಟು ದಿನ ಅವರೂ ನನ್ನನ್ನು ಅನುಮಾನಿಸುತ್ತಲೇ ಕೂತಿದ್ದರು.

ಕರೆಗಳು ಕಟ್ ಆಗುವುದು ನಿಂತಿತು. ಫೋನನ್ನು ಒಬ್ಬರೇ ಸುಸೂತ್ರವಾಗಿ ನಡೆಸಬಹುದು ಎಂದು ಮೇಡಂಗೂ ಖಾತ್ರಿಯಾಯಿತು. ತಿಂಗಳ ಕೊನೆಗೆ ಕೆಲಸ ಹೋದದ್ದು ನನ್ನದು. ಸರೋಜಕ್ಕ ಹಳಬರು, ನಿನಗೆ ಎಲ್ಲಾದರೂ ಸಿಗುತ್ತದೆ ಎಂದರು ಮೇಡಂ. ನಾನು ಹೊರಟಾಗ ಸರೋಜಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಅಳುವನ್ನೂ ನಾನು ನಂಬಲಿಲ್ಲ, ನೋಡಿ. ಅವರೇ ಮೇಡಂ ಕಿವಿಯಲ್ಲಿ ಏನೋ ಊದಿರಬೇಕೆಂದು ಕನಕಪುರ ರಸ್ತೆಯ ಬಸ್ಸಿನಲ್ಲಿ ಕೋಣನಕುಂಟೆ ಬರುವವರೆಗೂ ಕುದಿಯುತ್ತಿದ್ದೆ. ಈಗ ನೆನೆದರೆ ಬೇಸರವಾಗುವುದು ಕೆಲಸಕ್ಕಾಗಿ ಅಲ್ಲ. ಒಂದೇ ಭಯ ಇಟ್ಟುಕೊಂಡು ಪಕ್ಕಪಕ್ಕದಲ್ಲಿ ಕೂತಿದ್ದ ನಾವು ಅದರ ಬಗ್ಗೆ ಒಬ್ಬರನ್ನೊಬ್ಬರು ಒಂದು ಮಾತೂ ಕೇಳಲಿಲ್ಲವಲ್ಲ, ಅದಕ್ಕೆ.

ಇವತ್ತು ಚೈತ್ರ ಹಾಗೆ ನೋಡುತ್ತಿದ್ದಾಗ ನಾನೇ ಬಾಯಿಬಿಟ್ಟೆ. "ಇಬ್ರಲ್ಲಿ ಒಬ್ರನ್ನ ತೆಗೀತಾರೆ ಅಂತ ತಾನೆ ನಿನ್ನ ಯೋಚ್ನೆ? ನಂದೂ ಅದೇ. ಬಾ, ಒಟ್ಟಿಗೇ ಹೋಗಿ ಡಾಕ್ಟರನ್ನೇ ಕೇಳೋಣ."

ಒಳಗೆ ಹೋದ ಮೇಲೆ ಇವಳು ಮೆಲ್ಲಗೆ ನನ್ನನ್ನೇ ಮುಂದೆ ತಳ್ಳಿದರೆ ಎಂಬ ಅನುಮಾನ ಬಾಗಿಲವರೆಗೂ ಜೊತೆಗೇ ಬಂತು. ಸ್ವಭಾವ ಎಲ್ಲಿ ಹೋಗುತ್ತದೆ. ಆದರೂ ಕೇಳಿದೆವು. ಇಲ್ಲಿನ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಅದರ ಬಗ್ಗೆ ಇನ್ನೂ ಏನೂ ಡಿಸೈಡ್ ಮಾಡಿಲ್ಲಮ್ಮ ಎಂದರು.

ಇನ್ನೂ ಮಾಡಿಲ್ಲ ಎಂದರೆ ಮುಂದೆ ಮಾಡುತ್ತಾರೆ ಎಂದೇ. ನಾನು ಚೈತ್ರಳ ಕಡೆ ನೋಡಿದೆ. ಅವಳಿಗೂ ಅದು ಅರ್ಥವಾಗಿತ್ತು.

"ಹಾಗಾದ್ರೆ ಡಿಸೈಡ್ ಮಾಡೋ ದಿನ ಇಬ್ರನ್ನೂ ಒಟ್ಟಿಗೇ ಕರೀರಿ ಸಾರ್," ಎಂದಳು.