ದತ್ತಾತ್ರಿಯ ಕೆಂಪು ದಾರ

ಬೀದರಿನ ಚಿದ್ರಿಯಲ್ಲಿ ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ಇಟ್ಟಿರುವ ದತ್ತಾತ್ರಿ ಭಾಲ್ಕಿ ತಾಲೂಕಿನ ಸಾಯಗಾಂವದವನು. ಏಳನೆಯ ಇಯತ್ತೆಯಲ್ಲಿ ನನ್ನ ಬಳಿ ಕಲಿತ. ಲೆಕ್ಕದಲ್ಲಿ ಜಾಣ, ಆದರೆ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಉತ್ತರ ಬರೆದು ಪಾಟಿ ತೋರಿಸುತ್ತಿದ್ದ. ಆ ಅವಸರ ಅವನನ್ನು ಬಹಳ ವರ್ಷ ಬಿಡಲಿಲ್ಲ.

ಅವನ ಮುಖ್ಯ ಸಲಕರಣೆ ಒಂದು ಪೆನ್‌ಡ್ರೈವ್. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಬಳಸಬಹುದಾದ ಒಂದು ತಂತ್ರಾಂಶ ಅದರಲ್ಲಿದೆ. ಒಂದು ಹಾರ್ಡ್‌ಡಿಸ್ಕಿನಲ್ಲಿರುವುದನ್ನೆಲ್ಲ ಒಂದಕ್ಷರವೂ ಬಿಡದೆ ಇನ್ನೊಂದಕ್ಕೆ ಅದು ನಕಲು ಮಾಡುತ್ತದೆ. ಯಾವುದರಿಂದ ಯಾವುದಕ್ಕೆ ಎಂದು ಮಾತ್ರ ನಾವೇ ಹೇಳಬೇಕು. ತಿರುಗುಮುರುಗಾಗಿ ಹೇಳಿದರೆ ತುಂಬಿದ ಡಿಸ್ಕು ಬರಿದಾಗುತ್ತದೆ. ಅಳಿಸುವ ಮೊದಲು ಎರಡು ಸಲ ಕೇಳುತ್ತದೆ, ಅಷ್ಟೇ.

ಅಂಗಡಿ ತೆರೆದ ವರ್ಷವೇ ದತ್ತಾತ್ರಿ ಹಾಗೆ ತಿರುಗುಮುರುಗಾಗಿ ಹೇಳಿದ. ಭಾಲ್ಕಿಯ ಫೋಟೋ ಸ್ಟುಡಿಯೋದ ಗುಲಾಮ ರಸೂಲರ ಡಿಸ್ಕು ಬರಿದಾಯಿತು. ಮನ್ನಳ್ಳಿಯ ಒಂದು ಮದುವೆಯ ಚಿತ್ರಗಳು ಹೋದವು. ಇವನು ಕಣ್ಣೀರು ತಂದುಕೊಂಡು ನಿಂತಾಗ ಆ ಹಿರಿಯರೇ ಸಮಾಧಾನ ಹೇಳಿದರಂತೆ: "ಹೋಗ್ಲಿ ಬಿಡು ಬೇಟಾ, ಫೋಟೋ ಹೋಗ್ಯಾವ, ಲಗ್ನ ಹೋಗಿಲ್ಲಲ್ಲ." ಆದರೂ ಇವನು ಮನ್ನಳ್ಳಿಗೆ ಹೋಗಿ ಆ ಮನೆಯವರ ಕ್ಷಮೆ ಕೇಳಿ ಬಂದ.

ಅಂದಿನಿಂದ ಎರಡು ನೇಮಗಳನ್ನು ಹಿಡಿದ. ತುಂಬಿದ ಡಿಸ್ಕಿಗೆ ಕೆಂಪು ದಾರ ಕಟ್ಟುವುದು. ತಂತ್ರಾಂಶದ ಎರಡನೆಯ ಪ್ರಶ್ನೆಯನ್ನು ಗಿರಾಕಿಯ ಎದುರು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ, ಅವರು ಹೂಂ ಅಂದ ಮೇಲೆಯೇ ಕೀಲಿ ಒತ್ತುವುದು.

೨೦೧೬ರ ಫೆಬ್ರುವರಿ. ಎರಡು ವರ್ಷದಿಂದ ಮಳೆ ಇರಲಿಲ್ಲ. ಸಾಯಗಾಂವದ ಬಾವಿ ಬತ್ತಿದ್ದರಿಂದ ತಾಯಿ ಸುಭದ್ರಾಬಾಯಿಯನ್ನು ದತ್ತಾತ್ರಿ ಚಿದ್ರಿಗೇ ಕರೆತಂದಿದ್ದ. ಒಂದು ಶುಕ್ರವಾರ ಮುಂಜಾನೆ ಔರಾದ ಕಡೆಯಿಂದ ಶಿವಕಾಂತಾ ಎಂಬಾಕೆ ಕಂಪ್ಯೂಟರನ್ನು ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮರ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದವರ ಮಕ್ಕಳನ್ನು ಇರಿಸಿಕೊಂಡ ಒಂದು ವಸತಿಶಾಲೆಯ ಮೇಲ್ವಿಚಾರಕಿ ಅವರು.

"ಎರಡು ದಿನ ಆತ್ರಿ, ಒಳಗ ಟಕ್ ಟಕ್ ಅಂತದ. ಅರವತ್ತೊಂದು ಹುಡುಗರು ಅವ. ಯಾರ ಅವ್ವ-ಅಪ್ಪ ಯಾವ ಕಾರಖಾನಿ ಕಡಿ ಅದಾರ, ಯಾವ ಮುಕಾದಮನ ಫೋನಿಗಿ ಮಾಡಿದ್ರ ಸಿಗ್ತಾರ, ಎಲ್ಲಾ ಇದರಾಗೇ ಅದರಿ. ಆಯಿತವಾರ ಹುಡುಗರು ಫೋನಿಗಿ ಪಾಳಿ ಹಚ್ಚತಾವ."

"ಕಾಗದದ ಮ್ಯಾಲ ಇಲ್ಲೇನ್ರಿ, ಅಕ್ಕಾ?"

"ಚೀಟಿ ಇದ್ದವು. ಕಂಪ್ಯೂಟರಿನಾಗ ಹಾಕೇವಲ್ಲ ಅಂತ ಅಡಗಿ ಮಾಡೋ ಬಾಯಿ ಒಲಿಗಿ ಹಾಕ್ಯಾಳ್ರಿ."

ಸದ್ದಿನಿಂದಲೇ ಡಿಸ್ಕು ಕೆಡುತ್ತಿದೆಯೆಂದು ತಿಳಿದು ದತ್ತಾತ್ರಿ ಪೇಟೆಗೆ ಹೋಗಿ ಅದೇ ಕಂಪನಿಯ, ಅದೇ ಅಳತೆಯ ಹೊಸ ಡಿಸ್ಕನ್ನು ತಂದ. ಹಳೆಯದನ್ನು ಬಿಚ್ಚಿ ಧೂಳು ಒರೆಸಿದ. ದಾರವನ್ನು ಕೈಗೆತ್ತಿಕೊಂಡನೋ ಇಲ್ಲವೋ, ಓಣಿಯಲ್ಲಿ ನೀರಿನ ಟ್ಯಾಂಕರಿನ ಹಾರ್ನ್ ಕೇಳಿಸಿತು. ದಾರವನ್ನು ಮೇಜಿನ ಮೇಲೆ ಬಿಟ್ಟು ಕೊಡ ಹಿಡಿದು ಓಡಿದ. ಪಾಳಿ ಉಳಿಸಲು ಶಿವಕಾಂತಾ ಕೂಡ ಇನ್ನೊಂದು ಕೊಡ ಹಿಡಿದು ಬೆನ್ನುಹತ್ತಿದರು.

ಅಂಗಡಿಯಲ್ಲಿ ಸುಭದ್ರಾಬಾಯಿ ಒಬ್ಬರೇ ಉಳಿದರು. ಬಾರುಕೋಲಿನಿಂದ ಹೊಲಿಗೆ ಯಂತ್ರದವರೆಗೆ, ಅವರ ಮನೆಗೆ ಬಂದ ಯಾವ ಹೊಸ ವಸ್ತುವೂ ದಾರ ಕಟ್ಟಿಸಿಕೊಳ್ಳದೆ ಕೆಲಸಕ್ಕೆ ಇಳಿದದ್ದಿಲ್ಲ. ಹೊಸ ಡಿಸ್ಕನ್ನು ಚೀಲದಿಂದ ತೆಗೆದು, ಆ ಕೆಂಪು ದಾರವನ್ನೇ ಕಟ್ಟಿ, ಕೈಮುಗಿದು, ಹಳೆಯದರ ಪಕ್ಕದಲ್ಲಿಟ್ಟರು.

ಮುಕ್ಕಾಲು ತಾಸಿನ ಮೇಲೆ ದತ್ತಾತ್ರಿ ನೀರು ತಂದ. ದಾರ ಕಟ್ಟಿದ ಡಿಸ್ಕು ಕಣ್ಣಿಗೆ ಬಿತ್ತು. ತಾನೇ ಕಟ್ಟಿ ಓಡಿದೆನೆಂದು ಭಾವಿಸಿ, ಅದನ್ನು ಮೊದಲ ಕೇಬಲಿಗೆ, ಇನ್ನೊಂದನ್ನು ಎರಡನೆಯ ಕೇಬಲಿಗೆ ಸಿಕ್ಕಿಸಿದ. ಮೊದಲನೆಯದರಿಂದ ಎರಡನೆಯದಕ್ಕೆ ಎಂದು ತಂತ್ರಾಂಶಕ್ಕೆ ಹೇಳಿದ. ಅದು ಒಮ್ಮೆ ಕೇಳಿತು, ಹೂಂ ಎಂದ. ಎರಡನೆಯ ಸಲ ಕೇಳಿದಾಗ ನೇಮದಂತೆ ಕೈ ತಡೆದು ಗಟ್ಟಿಯಾಗಿ ಓದಿದ.

"ಎರಡನೇ ಡಿಸ್ಕಿನಾಗ ಇದ್ದದ್ದೆಲ್ಲಾ ಅಳಸಿ ಹೋಗ್ತದ ಅಂತ ಕೇಳಾಕತ್ತದರಿ. ಹೂಂ ಅನ್ನಲೇನ್ರಿ, ಅಕ್ಕಾ?"

ಅಳಿಸಿ ಹೋಗುತ್ತದೆ ಎಂಬ ಮಾತಿಗೆ ಶಿವಕಾಂತಾರ ಮುಖ ಬಾಡಿತು. ಅದನ್ನು ಕಂಡು ಸುಭದ್ರಾಬಾಯಿ ಹೊಸ್ತಿಲ ಬಳಿಯಿಂದಲೇ ಧೈರ್ಯ ಹೇಳಿದರು. "ಯಾಕ ಅಂಜತಿ ತಂಗಿ? ಹೊಸಾದಕ್ಕ ನಾ ದಾರ ಕಟ್ಟೇನಿ. ಎಲ್ಲಾ ಒಳ್ಳೇದಾಗ್ತದ."

ದತ್ತಾತ್ರಿಯ ಬೆರಳು ಕೀಲಿಯ ಮೇಲೆಯೇ ನಿಂತಿತು. "ಯಾವುದಕ್ಕ ಕಟ್ಟೀದಿ, ಅವ್ವಾ?"

"ಹೊಸಾದಕ್ಕಪ್ಪಾ. ಹಳೇದಕ್ಕ ಯಾರರೆ ಪೂಜಿ ಮಾಡ್ತಾರೇನು? ಕುಂಕುಮ ಹಚ್ಚಿದ್ರ ಮಿಷಿನ್ ಕೆಡ್ತದಂತ ಬೈತಿ. ಅದಕ್ಕ ಬರೇ ದಾರ."

ಅವನು ಮೆಲ್ಲಗೆ 'ಬೇಡ' ಎಂಬ ಕೀಲಿಯನ್ನು ಒತ್ತಿದ. ನಡೆದದ್ದನ್ನು ಮುಚ್ಚಿಡದೆ ಶಿವಕಾಂತಾರಿಗೆ ಹೇಳಿದ. ಅವರು, "ಇನ್ನೊಮ್ಮಿ ಓದ್ರಿ, ನಾ ಹಂತೇಲೇ ಕೂಡತೇನಿ," ಎಂದು ಸ್ಟೂಲನ್ನು ಮುಂದಕ್ಕೆಳೆದರು.

ಕೇಬಲುಗಳನ್ನು ಬದಲಿಸಿ ಹೊಸದಾಗಿ ಶುರುಮಾಡಿದ. ಹಳೆಯ ಡಿಸ್ಕು ಟಕ್ ಟಕ್ ಎನ್ನುತ್ತಲೇ ತನ್ನಲ್ಲಿದ್ದುದನ್ನು ಕೊಟ್ಟಿತು. ಸಂಜೆ ನಾಲ್ಕಕ್ಕೆ ಅರವತ್ತೊಂದು ಹೆಸರುಗಳೂ ಹೊಸದರಲ್ಲಿ ಕಂಡವು. ದತ್ತಾತ್ರಿ ಪಟ್ಟಿಯನ್ನು ಕಾಗದದ ಮೇಲೂ ಮುದ್ರಿಸಿ ಕೊಟ್ಟ.

"ಇದು ಅಡಗಿ ಬಾಯಿ ಕೈಗಿ ಸಿಗಬಾರದ್ರಿ."

ಶಿವಕಾಂತಾ ಆಗ ನಕ್ಕರು.

ದಾರ ಬಿಚ್ಚಲೇ ಎಂದು ತಾಯಿ ಕೇಳಿದಾಗ ಮಗ ಬೇಡವೆಂದ. ಅಂದಿನಿಂದ ದಾರ ತಾಯಿಯ ಪಾಲಿಗೆ, ಹೊಸದಕ್ಕೆ. ತುಂಬಿದ ಡಿಸ್ಕಿನ ಮೇಲೆ ಅವನು 'ತುಂಬಿದ್ದು' ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸುತ್ತಾನೆ.

ಭಾನುವಾರ, ಮಕ್ಕಳ ಫೋನಿನ ಪಾಳಿಯ ಹೊತ್ತಿಗೆ, ಶಿವಕಾಂತಾರ ಫೋನು ಬಂತು. ಅವರು ಫೋನನ್ನು ಮಕ್ಕಳ ಪಾಳಿಯ ಕಡೆ ಹಿಡಿದಿದ್ದರು. ಇನ್ನೊಂದು ಫೋನಿನಲ್ಲಿ ಒಬ್ಬ ಪುಟ್ಟ ಹುಡುಗಿ ಯಾರನ್ನೋ ಗದರಿಸುತ್ತಿದ್ದಳು: "ನಂದು ಆಗೇದ ಯವ್ವಾ. ನಿಂದು ಊಟ ಆತೋ ಇಲ್ಲೋ, ಮೊದಲ ಅದ ಹೇಳು."